ಬಿಟ್ಟಿಗೆ ಕೊಟ್ಟ ಮುಖ

ಆ ಕರಪತ್ರವನ್ನು ನನ್ನ ಮೇಜಿನ ಮೇಲೆ ಹಾಕಿದವರು ಟೊಮೆಟೊ ಮಂಡಿಯ ಯಜಮಾನರೊಬ್ಬರು. ಅವರ ಮಗ ಮೊಬೈಲ್ ರಿಪೇರಿ ಅಂಗಡಿ ಇಡುವವನಿದ್ದ, ಅದರ ಪ್ರಚಾರಕ್ಕೆ ಒಂದು ಕಾಗದ ಬೇಕಿತ್ತು. ಚಿಂತಾಮಣಿಯಲ್ಲಿ ನಾನು ಡಿಸೈನ್ ಅಂಗಡಿ ಇಟ್ಟು ಹತ್ತು ವರ್ಷವಾಯಿತು. ಫ್ಲೆಕ್ಸು, ಲಗ್ನಪತ್ರಿಕೆ, ಬೀಜದ ಪೊಟ್ಟಣದ ಲೇಬಲ್ಲು, ಎಲ್ಲ ಮಾಡುತ್ತೇನೆ. ಬರುವವರಲ್ಲಿ ಮುಕ್ಕಾಲು ಪಾಲು ಜನ ತಮಗೇನು ಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಇನ್ಯಾರದೋ ಕರಪತ್ರವನ್ನು ಜೇಬಿನಿಂದ ತೆಗೆದು, ಇದೇ ಥರ ಮಾಡಿಕೊಡಮ್ಮ ಅನ್ನುತ್ತಾರೆ. ಇವರೂ ಅದನ್ನೇ ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಹಂಚುತ್ತಿದ್ದರಂತೆ, ಬಣ್ಣ ಚೆನ್ನಾಗಿದೆ ಎಂದು ಮಡಚಿ ಇಟ್ಟುಕೊಂಡಿದ್ದರು.

ಕಾಗದ ಬಿಡಿಸಿದೆ. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ, ಕುಡಿತ ಬಿಡಿಸಲಾಗುವುದು, ರೋಗಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ಎಂದು ಬರೆದಿತ್ತು. ಅದರ ಕೆಳಗೆ ಎರಡು ಫೋಟೊ. ಎಡಗಡೆಯದರ ಕೆಳಗೆ ‘ಮೊದಲು’, ಬಲಗಡೆಯದರ ಕೆಳಗೆ ‘ಈಗ’. ಮೊದಲಿನದರಲ್ಲಿ ಕಣ್ಣು ಕೆಂಪಾಗಿ, ಮುಖ ಬಾಡಿ, ತಲೆಗೂದಲು ಕೆದರಿದ ಮುದುಕ. ಈಗಿನದರಲ್ಲಿ ಅದೇ ಮುದುಕ ನಗುತ್ತಿದ್ದಾನೆ. ಎರಡರಲ್ಲೂ ಇದ್ದದ್ದು ನಮ್ಮಪ್ಪ.

ಯಜಮಾನರಿಗೆ ನಮ್ಮಪ್ಪನ ಗುರುತಿಲ್ಲ. ಪಾಪ, ಎಷ್ಟು ಚೆನ್ನಾಗಿ ಗುಣವಾಗಿದೆ ನೋಡಮ್ಮ ಎಂದು ಮೆಚ್ಚಿಕೊಂಡರು. ನನಗೆ ಮೈಯೆಲ್ಲ ಉರಿದು ಹೋಯಿತು. ನಾಳೆ ಬನ್ನಿ ಅಂದೆ. ಕರೆಂಟಿದೆ, ನೀನೂ ಇದ್ದೀಯ, ನಾಳೆ ಯಾಕೆ ಎಂದು ಕೇಳಿದರು. ಎದ್ದು ಕಂಪ್ಯೂಟರ್ ಆರಿಸಿ, ಅವರ ಕಣ್ಣೆದುರಿಗೇ ಶಟರ್ ಎಳೆದೆ. ಆ ಗಿರಾಕಿ ಮತ್ತೆ ಬರಲಿಲ್ಲ.

ನಮ್ಮಪ್ಪ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಅಂಬಾಜಿದುರ್ಗದ ಬುಡದಲ್ಲಿರುವ ನಮ್ಮ ಊರಿನಲ್ಲಿ ಅದು ಸಣ್ಣ ವಿಷಯವಲ್ಲ, ಕುಡಿಯದ ಗಂಡಸರನ್ನು ಅಲ್ಲಿ ಬೆರಳಲ್ಲಿ ಎಣಿಸಬಹುದು. ಗಂಡನ ಕುಡಿತ ತಡೆಯಲಾಗದ ಹೆಂಗಸರು ಅವನನ್ನು ಆಂಜನೇಯನ ಗುಡಿಗೆ ಎಳೆದುಕೊಂಡು ಬರುತ್ತಾರೆ. ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಉರಿಯುವ ಕರ್ಪೂರವನ್ನು ಅವನು ಅಂಗೈಯಿಂದ ಆರಿಸಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಬೇಕು. ಆ ತಟ್ಟೆ ಹಿಡಿಯುವವನು ಎಂದೂ ಕುಡಿಯದವನೇ ಆಗಿರಬೇಕು ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ನನಗೆ ತಿಳಿವು ಬಂದಾಗಿನಿಂದ ಆ ತಟ್ಟೆ ಹಿಡಿದವರು ಅಪ್ಪ. ಆಣೆ ಮುರಿದವರು ಬೇಕಾದಷ್ಟು ಜನ ಇದ್ದಾರೆ, ಉಳಿಸಿಕೊಂಡವರೂ ಇದ್ದಾರೆ. ಮುರಿದವನು ಮಾತ್ರ ಅಪ್ಪ ಎದುರು ಬಂದರೆ ಬೇರೆ ಬೀದಿಗೆ ತಿರುಗುತ್ತಿದ್ದ.

ಇಂಥವರ ಮುಖ ಕುಡುಕರ ಪುಡಿಯ ಕಾಗದದ ಮೇಲೆ ಹೋಗಿದ್ದು ಹೇಗೆ? ಹೇಳುತ್ತೇನೆ.

ನಮ್ಮಂಥ ಸಣ್ಣ ಅಂಗಡಿಯವರಿಗೆ ದೊಡ್ಡ ತಲೆನೋವೆಂದರೆ ಚಿತ್ರ. ಗಿರಾಕಿ ಫೋಟೊ ತರುವುದಿಲ್ಲ, ನೆಟ್ಟಲ್ಲಿ ಇರುತ್ತಲ್ಲ, ತೆಗೆದು ಹಾಕಮ್ಮ ಅನ್ನುತ್ತಾನೆ. ನೆಟ್ಟು ಅವರಪ್ಪನ ತೋಟ ನೋಡಿ! ಒಳ್ಳೆಯ ಚಿತ್ರಕ್ಕೆ ದುಡ್ಡು ಕೇಳುತ್ತಾರೆ, ಕೊಡದಿದ್ದರೆ ಮುಖದ ಮೇಲೆಲ್ಲ ಅಡ್ಡಡ್ಡಲಾಗಿ ಕಂಪನಿಯ ಹೆಸರು. ನಮ್ಮ ಕಸುಬಿನಲ್ಲಿ ಬಹಳ ಜನ ಅದನ್ನು ಒರೆಸಿ ಹಾಕುತ್ತಾರೆ. ಒಮ್ಮೆ ನಾನೂ ಹಾಗೆ ಮಾಡಿ, ಫೋಟೊ ತೆಗೆದವನೇ ಫೋನ್ ಮಾಡಿ ಉಗಿದ ಮೇಲೆ, ಬಿಟ್ಟಿ ಕೊಡುವ ತಾಣಗಳಿಂದಲೇ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿದೆ. ಅಲ್ಲಿ ಯಾರು ಯಾರೋ ತಮ್ಮ ಫೋಟೊಗಳನ್ನು ತಾವಾಗಿಯೇ ಹಾಕಿರುತ್ತಾರೆ. ಯಾರು ಬೇಕಾದರೂ ಇಳಿಸಿಕೊಂಡು, ಯಾರನ್ನೂ ಕೇಳದೆ ಬಳಸಬಹುದು.

ಆದರೆ ಅಲ್ಲಿರುವುದೆಲ್ಲ ಯಾರ ಮುಖ ಅಂತೀರಿ? ಗೌರಿಬಿದನೂರಿನ ಕಡೆಯ ಮಹಿಳಾ ಸಂಘದವರು ರಾಗಿ ಮಾಲ್ಟಿನ ಪೊಟ್ಟಣಕ್ಕೆ ಲೇಬಲ್ ಮಾಡಿಸಲು ಬಂದಿದ್ದರು. ರಾಗಿ ಹೊಲದಲ್ಲಿ ನಿಂತ ಹೆಂಗಸು ಬೇಕು ಅಂದರು. ಹುಡುಕಿದರೆ ಗೋಧಿ ಹೊಲದಲ್ಲಿ ಹ್ಯಾಟು ಹಾಕಿಕೊಂಡು ತೋಳು ಚಾಚಿ ನಿಂತ ಬಿಳಿ ಹೆಂಗಸು ಬಂದಳು. ರಾಗಿಮುದ್ದೆ ಎಂದು ಹುಡುಕಿದರೆ ಚಾಕೊಲೇಟ್ ಉಂಡೆ. ಶಿಡ್ಲಘಟ್ಟದವರೊಬ್ಬರಿಗೆ ರೇಷ್ಮೆಗೂಡು ಬೇಕಾಗಿತ್ತು, ಎಲ್ಲೋ ಚೀನಾದ ಗೂಡು ಸಿಕ್ಕಿತು. ನಾಮಕರಣದ ಪತ್ರಿಕೆ ಮಾಡಿದರೆ ಚಿನ್ನದ ಕೂದಲಿನ ಮಗು. ಆ ಮಗುವನ್ನು ನೋಡಿ ಒಬ್ಬ ಅಜ್ಜಿ, ಇದ್ಯಾವ ದೊರೆ ಮಗನಮ್ಮ ನಮ್ಮ ಮನೇಲಿ ಹುಟ್ಟಿದ್ದು ಎಂದು ನನ್ನನ್ನೇ ಕೇಳಿದ್ದಳು. ನಗು ಬಂದರೂ ಒಳಗೆ ಉರಿಯುತ್ತಿತ್ತು. ಅಲ್ಲ, ಪ್ರಪಂಚದಲ್ಲಿ ನಾವು ಇದ್ದೇವೋ ಇಲ್ಲವೋ?

ಆ ಉರಿಯಲ್ಲೇ ನಾನು ಇಲ್ಲದ ಉಸಾಬರಿಗೆ ಹೋದೆ. ನಮ್ಮ ಕಡೆಯ ಚಿತ್ರಗಳನ್ನು ನಾನೇ ತೆಗೆದು ಬಿಟ್ಟಿಗೆ ಹಾಕುತ್ತೇನೆ, ನನ್ನ ಹಾಗೆ ಹುಡುಕಾಡುವವರಿಗೆ ಸಿಗಲಿ ಅಂದುಕೊಂಡೆ. ಮೊಬೈಲಿನಲ್ಲೇ ತೆಗೆದೆ. ಹಿಪ್ಪುನೇರಳೆ ತೋಟ, ಅವರೆಕಾಯಿ ಗುಡ್ಡೆ, ಡೈರಿಗೆ ಹಾಲು ಹೊತ್ತು ನಡೆಯುವ ಹೆಂಗಸರ ಬೆನ್ನು. ಮಿಷನ್ನಿನಲ್ಲಿ ರಾಗಿ ಒಕ್ಕಿಸಿದ ದಿನ ಅಪ್ಪನ ಫೋಟೊ ತೆಗೆದೆ. ಬೆಳಗಿನಿಂದ ಹೊಟ್ಟಿನ ದೂಳಲ್ಲಿ ನಿಂತು ಅವರ ಕಣ್ಣು ಕೆಂಡದ ಹಾಗಾಗಿತ್ತು. ಆಮೇಲೆ ಮುಖ ತೊಳೆದು, ಟವೆಲ್ಲು ಹೆಗಲಿಗೆ ಹಾಕಿ, ಕಾಫಿ ಲೋಟ ಹಿಡಿದು ನಕ್ಕರು. ಅದನ್ನೂ ತೆಗೆದೆ. ನೆಟ್ಟಿಗೆ ಹಾಕಲೇನಪ್ಪ ಎಂದು ಕೇಳಿದ್ದಕ್ಕೆ, ಹಾಕಮ್ಮ, ಮುಖ ಏನು ಸವೆದು ಹೋಗುತ್ತಾ ಅಂದರು.

ಹಾಕಿದೆ. ಹುಡುಕುವವರಿಗೆ ಸಿಗಲೆಂದು ಒಂದಿಷ್ಟು ಮಾತು ಜೋಡಿಸಬೇಕಿತ್ತು. ರೈತ, ಹಳ್ಳಿ, ಮುದುಕ, ದಣಿವು, ಕಷ್ಟ ಎಂದು ಇಂಗ್ಲಿಷಿನಲ್ಲಿ ನಾನೇ ಜೋಡಿಸಿದೆ. ಚಿತ್ರದಲ್ಲಿ ಇರುವವರ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಬಂತು. ಇದೆ ಎಂದು ಒತ್ತಿದೆ. ಯಾವುದಕ್ಕೆ ಒಪ್ಪಿಗೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ಸತ್ಯ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಶಟರ್ ಎಳೆದವಳು ಸೀದಾ ಊರಿಗೆ ಹೋದೆ. ಅಪ್ಪನಿಗೆ ತಿಳಿಯದ ಹಾಗೆ ಮುಚ್ಚಿಡಬಹುದು ಎಂಬ ಆಸೆಯಿತ್ತು. ಮನೆಯಲ್ಲಿ ಅಪ್ಪ ಹಸುವಿನ ಹತ್ತಿರ ಕೂತಿದ್ದರು, ಅಮ್ಮ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಳು. ಡೈರಿಗೆ ಹಾಲು ಹಾಕುವುದು ಯಾವಾಗಲೂ ಅಪ್ಪ. ಬೆಳಿಗ್ಗೆ ಸಂಜೆ ಅಲ್ಲಿ ಊರೆಲ್ಲ ಸೇರುತ್ತದೆ, ಅಪ್ಪನಿಗೆ ಅದೇ ಪೇಟೆ, ಅದೇ ಪೇಪರು. ನನಗೆ ಅಲ್ಲೇ ಅರ್ಥವಾಯಿತು. ನನಗಿಂತ ನಾಲ್ಕು ದಿನ ಮೊದಲೇ ಆ ಕಾಗದ ಊರಿಗೆ ಬಂದಿತ್ತು. ನಮ್ಮೂರ ಮೇಲೆ ಹಾದುಹೋಗುವ ಮುರುಗಮಲ್ಲದ ಬಸ್ಸುಗಳಲ್ಲಿ ಸ್ಟಿಕ್ಕರ್ ಕೂಡ ಅಂಟಿಸಿದ್ದರಂತೆ, ಡ್ರೈವರ್ ಸೀಟಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ.

ಉಳಿದದ್ದನ್ನು ಅಮ್ಮ ಹೇಳಿದಳು. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬನಿದ್ದಾನೆ, ಡ್ರಿಪ್ ಪೈಪು ಜೋಡಿಸುವ ಕೆಲಸದವನು. ಎರಡು ವರ್ಷದ ಹಿಂದೆ ಹೆಂಡತಿಯ ಕಿವಿಯೋಲೆ ಮಾರಿ ಕುಡಿದವನು. ಅಪ್ಪ ತಟ್ಟೆ ಹಿಡಿದು ಆಣೆ ಮಾಡಿಸಿದ ಮೇಲೆ ಬಿಟ್ಟಿದ್ದ, ಪೂರಾ ಬಿಟ್ಟಿದ್ದ. ಆ ಹೆಂಗಸು ಪ್ರತಿ ಯುಗಾದಿಗೆ ಒಬ್ಬಟ್ಟು ತಂದುಕೊಟ್ಟು ಅಪ್ಪನ ಕಾಲು ಮುಟ್ಟುತ್ತಿದ್ದಳು. ಈ ಕಾಗದ ಬಂದ ದಿನವೇ ಅವನು ಡೈರಿಯ ಮುಂದೆ ನಿಂತು, ಅಪ್ಪನ ಮುಖಕ್ಕೇ ಹೇಳಿದನಂತೆ: “ಆಣೆ ಮಾಡಿಸಿದೋರೇ ಪುಡಿ ತಿಂದು ಬಿಟ್ಟೋರು. ಇನ್ನು ನಂದೇನು ಆಣೆ ಮಾವ?” ಅವತ್ತು ಸಂಜೆಯೇ ಕುಡಿದು ಬಂದ. ಅಂದಿನಿಂದ ದಿನಾ ಕುಡಿಯುತ್ತಿದ್ದಾನೆ.

ಅಪ್ಪ ಏನಂದರು ಎಂದು ಕೇಳಿದೆ. ಅದು ಪುಡಿ ಮಾರುವವರು ಯಾರೋ ಹಾಕಿದ್ದು, ನಾನು ಕುಡಿದವನಲ್ಲ ಎಂದು ಒಬ್ಬಿಬ್ಬರಿಗೆ ಹೇಳಿ ನೋಡಿದರಂತೆ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಎಂದು ಅವರು ನಕ್ಕಿದ್ದಾರೆ. ಕ್ಯಾನು ಅಲ್ಲೇ ಇಟ್ಟು ಮನೆಗೆ ಬಂದವರು ಮತ್ತೆ ಬೀದಿಗೆ ಇಳಿದಿರಲಿಲ್ಲ. ನಾನು ಎದುರಿಗೆ ಕೂತು, ನನ್ನಿಂದ ಆಯಿತಪ್ಪ ಎಂದು ಎಲ್ಲ ಹೇಳಿದೆ. ಒಂದು ಬೈಗುಳ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಎರಡು ವರ್ಷ ಬಿಟ್ಟಿದ್ನಲ್ಲಮ್ಮ ಎಂದರು, ಅಷ್ಟೇ.

ಮರುದಿನ ಆ ತಾಣದಿಂದ ಅಪ್ಪನ ಫೋಟೊ ಅಳಿಸಿದೆ. ಆಗಲೇ ಇಳಿಸಿಕೊಂಡವರು ಎಂದೆಂದಿಗೂ ಬಳಸಬಹುದು ಎಂದು ಅಲ್ಲೇ ಬರೆದಿತ್ತು. ಪುಡಿ ಮಾರುವವನಿಗೆ ಫೋನ್ ಮಾಡಿದರೆ ಬರೀ ಆರ್ಡರ್ ತೆಗೆದುಕೊಳ್ಳುವ ಹುಡುಗಿ ಸಿಕ್ಕಳು, ಎಷ್ಟು ಡಬ್ಬಿ ಕಳಿಸಲಿ ಮೇಡಂ ಅಂದಳು. ಅವಳಿಗೆ ಬೈದು ಏನು ಬಂತು? ಕಾಗದದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಡಿಸೈನ್ ಮಾಡಿದ ಅಂಗಡಿಯ ಗುರುತಿತ್ತು. ಚಿಕ್ಕಬಳ್ಳಾಪುರ. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನ ಗ್ರಹಚಾರ ಬಿಡಿಸುವ ಮಾತುಗಳನ್ನೇ ಜೋಡಿಸಿಕೊಂಡು ಹೋದೆ.

ಅಂಗಡಿಯವನು ನನಗಿಂತ ಐದಾರು ವರ್ಷ ಚಿಕ್ಕವನು. ನನ್ನ ಅಂಗಡಿಯ ಹಾಗೇ ಅವನದೂ ಒಂದು ಗೂಡು, ಒಂದು ಕಂಪ್ಯೂಟರು, ಒಂದು ಪ್ರಿಂಟರು. ಕೂತ್ಕೊಳ್ಳಿ ಅಕ್ಕ ಅಂದ. ನಾನು ಕೂರಲಿಲ್ಲ. ಕಾಗದವನ್ನು ಅವನ ಕೀಬೋರ್ಡಿನ ಮೇಲೆ ಬಡಿದು, ಇವರು ಯಾರು ಗೊತ್ತಾ, ನಮ್ಮಪ್ಪ, ನಿನ್ನಪ್ಪನ ಮುಖ ಹೀಗೆ ಹಾಕ್ತೀಯಾ ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಪಕ್ಕದ ಝೆರಾಕ್ಸ್ ಅಂಗಡಿಯವರು ಇಣುಕಿದರು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿ, ಆ ಚಿತ್ರ ಇಳಿಸಿಕೊಂಡಾಗ ಉಳಿಸಿಟ್ಟ ಪುಟ ತೋರಿಸಿದ. ಹಾಕಿದವರು ಎಂಬಲ್ಲಿ ನನ್ನ ಅಂಗಡಿಯ ಹೆಸರೇ ಇತ್ತು. ದಣಿದ ಮುದುಕ ಎಂದು ಹುಡುಕಿದ್ದನಂತೆ. ನಮ್ಮ ಕಡೆಯ ಮುಖವೇ ಬಿಟ್ಟಿ ಸಿಕ್ಕಿತಲ್ಲ ಎಂದು ಅವನಿಗೆ ಖುಷಿಯಾಗಿತ್ತಂತೆ. ನಾನು ಹಾಕಿದ್ದು ಆ ಖುಷಿಗೇ ಅಲ್ಲವೇ? ಮೈ ಇನ್ನಷ್ಟು ಉರಿಯಿತು.

ಬಿಟ್ಟಿ ಕೊಟ್ಟರೂ ಕಾನೂನಿದೆ, ಚಿತ್ರದಲ್ಲಿರುವವರಿಗೆ ಅವಮಾನವಾಗುವ ಹಾಗೆ ಬಳಸಬಾರದು ಎಂದು ಅಲ್ಲೇ ಬರೆದಿದೆ, ಓದೋಕೆ ಬರಲ್ವಾ ಎಂದು ಮತ್ತೆ ಏರಿ ಹೋದೆ. ಅದನ್ನು ನಾನು ಓದಿದ್ದು ಅವತ್ತು ಬೆಳಿಗ್ಗೆ. ಅವನು ಸಿಟ್ಟಾಗಲಿಲ್ಲ, ಡ್ರಾಯರ್ ಎಳೆದು ಇನ್ನೊಂದು ಕರಪತ್ರ ತೆಗೆದ. ಅವನೂ ಮಾದರಿಗೆಂದು ಇಟ್ಟುಕೊಂಡಿದ್ದ. ಮೂಲವ್ಯಾಧಿ ಚಿಕಿತ್ಸೆಯದು. ಮೂಲೆಯಲ್ಲಿ ನನ್ನ ಅಂಗಡಿಯ ಹೆಸರು, ನಾನೇ ಮಾಡಿದ್ದು. ಅದರಲ್ಲಿ ದೊಡ್ಡ ಪಗಡಿ ಸುತ್ತಿದ, ಬಿಳಿ ಮೀಸೆಯ ಒಬ್ಬ ತಾತ ಹುಬ್ಬು ಗಂಟಿಕ್ಕಿ ಕೂತಿದ್ದಾರೆ. ಬಡಗಲ ಕಡೆಯ ಯಾವುದೋ ಊರಿನವರು. ಬಿಸಿಲಿಗೆ ಹುಬ್ಬು ಗಂಟಿಕ್ಕಿದ್ದರೋ ಏನೋ, ನಾನು ಅದನ್ನು ಮೂಲವ್ಯಾಧಿ ಮಾಡಿದ್ದೆ.

“ಈ ತಾತನ್ನ ನೀವು ಕೇಳಿದ್ರಾ ಅಕ್ಕ?” ಅಂದ. “ಅವರ ಮಗಳೂ ಎಲ್ಲೋ ಇರ್ತಾಳೆ. ಅವಳಿಗೆ ಚಿಂತಾಮಣಿ ಬಸ್ಸು ಗೊತ್ತಿಲ್ಲ, ಅಷ್ಟೇ.”

ಆ ಕರಪತ್ರವನ್ನು ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆದರೂ ಸಿಟ್ಟು ಇಳಿಯಲಿಲ್ಲ, ಇಳಿಯಿತು ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ ನಿಂತಿದ್ದೆ, ಸಿಟ್ಟು ಮಾತ್ರ ಇಬ್ಬರ ಮೇಲೂ ಹರಿಯುತ್ತಿತ್ತು. ಅವನು ಕೊನೆಗೆ, ತಪ್ಪಾಯ್ತು, ಮುಂದಿನ ಪ್ರಿಂಟಿಗೆ ಬೇರೆ ಮುಖ ಹಾಕ್ತೀನಿ ಎಂದ. ಬೇರೆ ಯಾರ ಮುಖ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಲ್ಲಿಂದ ಒಂದು ವಾರ ನನ್ನ ಕೆಲಸ ಒಂದೇ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ, ಮುರುಗಮಲ್ಲದ ಕಡೆ ನಿಂತಿರುವ ಬಸ್ಸು ಹತ್ತಿ, ಬ್ಲೇಡಿನಿಂದ ಸ್ಟಿಕ್ಕರ್ ಕೆರೆಯುವುದು. ಎಂಥ ಅಂಟೋ, ಬರುತ್ತಲೇ ಇರಲಿಲ್ಲ. ನಗುವ ಅಪ್ಪ ಹೋದರೆ ಕೆಂಪು ಕಣ್ಣಿನ ಅಪ್ಪ ಉಳಿಯುತ್ತಿದ್ದರು. ಒಬ್ಬ ಕಂಡಕ್ಟರ್, ಏನಮ್ಮ, ಬಸ್ಸು ನಿಮ್ಮಪ್ಪಂದಾ ಎಂದು ಗದರಿಸಿದ. ಬಸ್ಸು ನಿಮ್ಮದು, ಮುಖ ನಮ್ಮಪ್ಪಂದು ಅಂದೆ. ಅವನಿಗೆ ಏನು ತಿಳಿಯಿತೋ, ಒಂದು ಬಾಟಲಿ ನೀರು ತಂದುಕೊಟ್ಟು, ನೆನೆಸಿ ಕೆರಿಯಮ್ಮ ಅಂದ. ಆ ವಾರದಲ್ಲಿ ಪರವಾಗಿಲ್ಲ ಅನ್ನಿಸಿದ ಮನುಷ್ಯ ಅವನೊಬ್ಬನೇ.

ಭಾನುವಾರ ಊರಿಗೆ ಹೋದೆ. ನನ್ನ ತಲೆಯಲ್ಲಿ ಒಂದು ಯೋಚನೆ ಇತ್ತು. ಡೈರಿಯ ಎದುರು ಒಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿ, ಇವರು ಎಂದೂ ಕುಡಿದವರಲ್ಲ, ಆ ಚಿತ್ರ ಮೋಸ ಎಂದು ಹಾಕುವುದು. ಡಿಸೈನ್ ಕೂಡ ಮಾಡಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಜಗಲಿಯಲ್ಲಿ ಕೂತ ಅಪ್ಪನಿಗೆ ತೋರಿಸುತ್ತಿರುವಾಗಲೇ ಹಿಂದಿನ ಬೀದಿಯ ಆ ಹೆಂಗಸು ಬಂದಳು. ಕುಡಿಯಲು ಶುರುಮಾಡಿದ್ದಾನೆ ಎಂದೆನಲ್ಲ, ಅವನ ಹೆಂಡತಿ. ಗದ್ದದ ಹತ್ತಿರ ಊದಿಕೊಂಡಿತ್ತು. ಸೆರಗಿನಿಂದ ಮುಚ್ಚಿಕೊಂಡಿದ್ದಳು.

ಬೈಯಲು ಬಂದಿದ್ದಾಳೆ ಅಂದುಕೊಂಡೆ. ಬೈದರೆ ಬೈಯಿಸಿಕೊಳ್ಳೋಣ ಎಂದು ಎದ್ದು ನಿಂತೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಆ ಕಾಗದವನ್ನು ಸೊಂಟದಿಂದ ತೆಗೆದು ಬಿಡಿಸಿ ನೆಲದ ಮೇಲಿಟ್ಟಳು.

“ಮಾವ, ತಪ್ಪು ತಿಳ್ಕೋಬೇಡಿ. ನಾನು ಯಾರಿಗೂ ಹೇಳಲ್ಲ. ನೀವು ಹೆಂಗೆ ಬಿಟ್ರಿ? ಕಷ್ಟ ಆಯ್ತಾ? ನಮ್ಮವರ ಕೈಲೂ ಆಗುತ್ತಾ?”

ಛೆ, ಇವಳೂ ನಂಬಿದಳಲ್ಲ ಎಂದು ನನಗೆ ಎದೆ ಒಡೆಯಿತು. ಇಲ್ಲ ಕಣಕ್ಕ, ಅಪ್ಪ ಕುಡಿದೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ನನ್ನನ್ನು ತಡೆದರು. ಅವಳ ಊದಿದ ಗದ್ದವನ್ನು ನೋಡಿದರು. ಅಮ್ಮ ಬಾಗಿಲಿಗೆ ಬಂದು ನಿಂತಳು.

“ಕುಡೀತಿದ್ದೆ ಕಣಮ್ಮ,” ಎಂದರು ಅಪ್ಪ. “ಯಾರಿಗೂ ಗೊತ್ತಾಗ್ದಂಗೆ ಕುಡೀತಿದ್ದೆ. ಆ ಪುಡಿಯೆಲ್ಲ ಸುಳ್ಳು, ಅದರ ಹತ್ರಕ್ಕೂ ಹೋಗ್ಬೇಡ. ನಾನು ಬಿಟ್ಟಿದ್ದು ದೊಡ್ಡಾಸ್ಪತ್ರೇಲಿ. ನಾಳೆ ನಾನೇ ಅವನನ್ನ ಕರ್ಕೊಂಡು ಹೋಗ್ತೀನಿ. ಮಾವನೂ ಕುಡಿದೋರೇ ಅಂತ ಹೇಳು, ಬರ್ತಾನೆ.”

ಆ ಹೆಂಗಸು ಅಪ್ಪನ ಕಾಲು ಮುಟ್ಟಿ ಹೋದಳು. ಅವಳು ಬೀದಿ ತಿರುಗುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ನಾನು ಕೂಗಾಡಿದ್ದು ಪಕ್ಕದ ಮನೆಯವರಿಗೂ ಕೇಳಿರಬೇಕು. ನಾನು ಬಸ್ಸಿನಿಂದ ಬಸ್ಸಿಗೆ ಹತ್ತಿ ಉಗುರು ಕಿತ್ತುಕೊಂಡು ಕೆರೆಯುತ್ತಿದ್ದರೆ, ಇವರು ಕೂತಲ್ಲೇ ಒಪ್ಪಿಕೊಂಡುಬಿಟ್ಟರು! ಇನ್ನು ಯಾವ ಫ್ಲೆಕ್ಸು ಹಾಕಲಿ, ಯಾರನ್ನು ನಂಬಿಸಲಿ? ಅಮ್ಮನೂ ನನ್ನ ಜೊತೆ ಸೇರಿಕೊಂಡಳು, ನಲವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಇದೊಂದು ಬಾಕಿಯಿತ್ತು ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಇಬ್ಬರ ಮಾತನ್ನೂ ಕೇಳಿದರು.

“ಕುಡಿದಿಲ್ಲ ಅಂತ ಗೆದ್ದು ನಾನೇನು ಮಾಡ್ಲಮ್ಮ? ಅವಳು ಹೊಡೆತ ತಿಂತಾವಳೆ,” ಎಂದು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದರು.

ಸೋಮವಾರ ಮೊದಲ ಬಸ್ಸಿಗೆ ಅವನು ನಿಜಕ್ಕೂ ಬಂದ. ಸ್ನಾನ ಮಾಡಿ, ತೊಳೆದ ಅಂಗಿ ಹಾಕಿದ್ದ. ಸುಮಾರು ಎರಡು ವಾರದಿಂದ ಬೀದಿಗೇ ಇಳಿಯದ ಅಪ್ಪ, ಡೈರಿಯ ಮುಂದೆ ಊರೆಲ್ಲ ನೋಡುವಂತೆ ಅವನ ಭುಜ ಹಿಡಿದು ಬಸ್ಸು ಹತ್ತಿಸಿದರು. ಹಾಲು ಹಾಕಲು ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಕಿಟಕಿಯ ಕೆಳಗೆ ನಿಂತಿದ್ದೆ. ಅವನು ಅಪ್ಪನ ಪಕ್ಕ ಕೂತು, ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ತೋರಿಸಿ, ಈ ನಡುಕ ನಿಮಗೂ ಇತ್ತಾ ಮಾವ ಎಂದು ಕೇಳಿದ. ಇತ್ತು ಕಣೋ, ಲೋಟ ಹಿಡಿಯಕ್ಕೂ ಆಗ್ತಿರಲಿಲ್ಲ ಎಂದರು ಅಪ್ಪ. ಎಲ್ಲಿ ಕಲಿತರೋ ಆ ಸುಳ್ಳನ್ನು, ತಡವರಿಸಲೂ ಇಲ್ಲ.

ಅವನು ಬಿಟ್ಟಿದ್ದಾನೆ. ನಡುವೆ ಎರಡು ಸಲ ಜಾರಿದ, ಎರಡು ಸಲವೂ ಅಪ್ಪನೇ ಕರೆದುಕೊಂಡು ಹೋದರು. ಬೇರೆ ಊರಿನವರೂ ಈಗ ಮನೆ ಹುಡುಕಿಕೊಂಡು ಬರುತ್ತಾರೆ. ಕರ್ಪೂರದ ತಟ್ಟೆ ಹಿಡಿಯಲು ಮಾತ್ರ ಅಪ್ಪನನ್ನು ಯಾರೂ ಕರೆಯುವುದಿಲ್ಲ, ಆ ಕೆಲಸ ಬೇರೆಯವರಿಗೆ ಹೋಯಿತು. ನನ್ನ ಅಂಗಡಿಗೆ ಊರಿನವರು ಯಾರಾದರೂ ಬಂದು, ನಿಮ್ಮಪ್ಪ ಕುಡಿಯೋದು ಬಿಟ್ಟು ಎಷ್ಟು ವರ್ಷ ಆಯ್ತಮ್ಮ ಎಂದು ಕೇಳುತ್ತಾರೆ. ನಿಜ ಹೇಳಕೂಡದೆಂದು ಅಪ್ಪನ ಆಣೆ ಇದೆ ನನ್ನ ಮೇಲೆ. ಹಲ್ಲು ಕಚ್ಚಿಕೊಂಡು, ಆಯ್ತು, ಸುಮಾರು ವರ್ಷ ಆಯ್ತು ಅನ್ನುತ್ತೇನೆ.